ಬಿಎಚ್‌ಎಂಎಸ್ ಆದ ಮೇಲೆ: ಹೋಮಿಯೋಪತಿ ಕ್ಲಿನಿಕ್ಕಿನ ಒಳಗಿನ ಕೆಲಸ

ಹೋಮಿಯೋಪತಿಯ ವೈದ್ಯಪದವಿಯಾದ ಬಿಎಚ್‌ಎಂಎಸ್‌ಗೆ ಸೇರುವವರಲ್ಲಿ ಬಹಳಷ್ಟು ಮಂದಿ ಎಂಬಿಬಿಎಸ್ ಸೀಟು ಕೈತಪ್ಪಿ ಬಂದವರು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಗೆ ಬಂದವರಲ್ಲಿ ಕೆಲವರು ಕೆಲಸ ಕಲಿತು ಒಳ್ಳೆಯ ವೈದ್ಯರಾಗುತ್ತಾರೆ, ಕೆಲವರು ಐದೂವರೆ ವರ್ಷವೂ ತಪ್ಪಿಹೋದ ಸೀಟಿನ ಲೆಕ್ಕ ಹಾಕುತ್ತಲೇ ಕಳೆಯುತ್ತಾರೆ. ದಾರಿ ಎಲ್ಲರಿಗೂ ಒಂದೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ನೀಟ್ ಬರೆದು ಅರ್ಹತೆ ಪಡೆಯಬೇಕು, ಕರ್ನಾಟಕದಲ್ಲಾದರೆ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಆಯ್ಕೆ ನಮೂದಿಸಬೇಕು. ರಾಜ್ಯದ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ.

ಆಯ್ಕೆ ನಮೂದಿಸುವ ಮೊದಲು ಒಂದು ಕೆಲಸ ಮಾಡಬೇಕು, ಅದನ್ನು ಮಾಡುವವರು ಕಡಿಮೆ. ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಯಾರಿಗೂ ಹೇಳದೆ ಕಾಲೇಜಿನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೋಗಿ ಕೂರಬೇಕು. ಚೀಟಿ ಮಾಡಿಸುವ ಸಾಲಿನಲ್ಲಿ ನಿಜವಾದ ರೋಗಿಗಳಿದ್ದಾರೋ, ವಾರ್ಡಿನ ಹಾಸಿಗೆಯ ಮೇಲೆ ಮನುಷ್ಯರು ಮಲಗಿದ್ದಾರೋ ಬರೀ ಕೇಸ್ ಶೀಟುಗಳು ಮಲಗಿವೆಯೋ ಎಂಬುದು ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಕಟ್ಟಡ, ಹಾಸ್ಟೆಲ್, ಬಸ್ಸು ಎಲ್ಲ ಆಮೇಲಿನ ಮಾತು. ರೋಗಿಗಳಿಲ್ಲದ ಕಾಲೇಜಿನಲ್ಲಿ ಕಲಿತವರು ಕ್ಲಿನಿಕ್ ತೆರೆದ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತಾರೆ.

ಕೋರ್ಸು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 2022ರ ನಿಯಮದ ಪ್ರಕಾರ ಮೊದಲ ಬಿಎಚ್‌ಎಂಎಸ್ ಹದಿನೆಂಟು ತಿಂಗಳು, ಉಳಿದ ಮೂರು ಹನ್ನೆರಡು ತಿಂಗಳಿನವು. ಅನಾಟಮಿ, ಫಿಸಿಯಾಲಜಿ, ಪೆಥಾಲಜಿ, ಸರ್ಜರಿ, ಹೆರಿಗೆ-ಸ್ತ್ರೀರೋಗ, ಮೆಡಿಸಿನ್ ಎಲ್ಲ ಇವೆ. ಅವುಗಳ ಜೊತೆಗೆ ಮೊದಲಿನಿಂದ ಕೊನೆಯವರೆಗೂ ಮೆಟೀರಿಯಾ ಮೆಡಿಕಾ, ಅಂದರೆ ಔಷಧಗಳ ಗುಣಲಕ್ಷಣದ ಶಾಸ್ತ್ರ, ಮತ್ತು ಆರ್ಗನಾನ್ ಬೆನ್ನು ಬಿಡುವುದಿಲ್ಲ. ಆರ್ಗನಾನ್ ಎಂದರೆ ಸ್ಯಾಮ್ಯುಯೆಲ್ ಹಾನಿಮನ್ 1810ರಲ್ಲಿ ಪ್ರಕಟಿಸಿದ ಮೂಲಗ್ರಂಥ. ಜರ್ಮನಿಯ ಮೈಸೆನ್‌ನಲ್ಲಿ 1755ರ ಏಪ್ರಿಲ್ 10ರಂದು ಹುಟ್ಟಿದ ಹಾನಿಮನ್, 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ ಚಳಿಜ್ವರದಂಥ ಲಕ್ಷಣ ಕಂಡದ್ದೇ, ಆರೋಗ್ಯವಂತನಲ್ಲಿ ಯಾವ ಲಕ್ಷಣ ತರುತ್ತದೋ ಅಂಥ ಲಕ್ಷಣದ ಕಾಯಿಲೆಗೆ ಅದೇ ಔಷಧ ಎನ್ನುವ ಈ ಪದ್ಧತಿಯ ಆರಂಭ. ಪರೀಕ್ಷೆಗೆ ಇಷ್ಟು ಉರು ಹೊಡೆದರೆ ಸಾಕು, ಕ್ಲಿನಿಕ್ಕಿಗೆ ಸಾಲದು. ಕ್ಲಿನಿಕ್ಕಿಗೆ ಬೇಕಾದ್ದು ಅದೇ ಪುಸ್ತಕದ 83ರಿಂದ 104ರವರೆಗಿನ ಸೂತ್ರಗಳು. ರೋಗಿಯನ್ನು ಹೇಗೆ ಕೇಳಬೇಕು, ಹೇಳಿದ್ದನ್ನು ಹೇಗೆ ಬರೆದುಕೊಳ್ಳಬೇಕು ಎಂಬ ಭಾಗ ಅದು.

ಮೊದಲ ವರ್ಷದ ಫಾರ್ಮಸಿ ಪ್ರಯೋಗಾಲಯದಲ್ಲಿ ತಾಳ್ಮೆಯ ಪರೀಕ್ಷೆ ಆಗುತ್ತದೆ. ನೀರಲ್ಲೂ ಆಲ್ಕೋಹಾಲಲ್ಲೂ ಕರಗದ ವಸ್ತುವನ್ನು ಹಾಲುಸಕ್ಕರೆ, ಅಂದರೆ ಲ್ಯಾಕ್ಟೋಸ್ ಜೊತೆ ಅರೆಯಬೇಕು. ಸೆಂಟೆಸಿಮಲ್ (ಸಿ), ಅಂದರೆ ನೂರಕ್ಕೊಂದರ ಕ್ರಮದಲ್ಲಿ ಮೂಲವಸ್ತು ಒಂದು ಭಾಗ, ಲ್ಯಾಕ್ಟೋಸ್ 99 ಭಾಗ. ಈ 99ನ್ನು ಮೂರು ಪಾಲು ಮಾಡಿಕೊಂಡು ಮೊದಲ ಪಾಲನ್ನು ಖಲ್ಲಿಗೆ, ಅಂದರೆ ಅರೆಯುವ ಕಲ್ಲಿಗೆ ಹಾಕಿ ಆರು ನಿಮಿಷ ಅರೆಯುವುದು, ನಾಲ್ಕು ನಿಮಿಷ ಅಂಚಿನಿಂದ ಕೆರೆದು ಕೂಡಿಸುವುದು, ಮತ್ತೆ ಆರು, ಮತ್ತೆ ನಾಲ್ಕು. ಹೀಗೆ ಪಾಲಿಗೆ ಇಪ್ಪತ್ತು ನಿಮಿಷದಂತೆ ಒಂದು ಗಂಟೆಗೆ 1ಸಿ ಆಯಿತು. ಅದರ ಒಂದು ಭಾಗಕ್ಕೆ ಮತ್ತೆ 99 ಸೇರಿಸಿ ಇನ್ನೊಂದು ಗಂಟೆ ಅರೆದರೆ 2ಸಿ, ಮೂರನೇ ಗಂಟೆಗೆ 3ಸಿ. ಆಮೇಲೆ ದ್ರವಕ್ಕೆ ತಿರುಗಿಸಿ ಒಂದಕ್ಕೆ 99ರಂತೆ ಬೆರೆಸುತ್ತ, ಪ್ರತಿ ಹಂತದಲ್ಲೂ ಶೀಶೆಯನ್ನು ಅಂಗೈಗೋ ದಪ್ಪ ಪುಸ್ತಕಕ್ಕೋ ಹತ್ತು ಸಲ ಗಟ್ಟಿಯಾಗಿ ಬಡಿಯುವುದು. ಮಳೆಗಾಲದ ಕರಾವಳಿಯಲ್ಲಿ ಈ ಪ್ರಯೋಗ ಮಾಡಿದವರಿಗೆ ಗೊತ್ತು, ಖಲ್ಲು ಸ್ವಲ್ಪ ತೇವವಿದ್ದರೂ ಪುಡಿ ತಳಕ್ಕೆ ಅಂಟಿ ಗಟ್ಟಿ ಪದರವಾಗುತ್ತದೆ, ಕೆರೆಯುವ ನಾಲ್ಕು ನಿಮಿಷ ಹತ್ತಾಗುತ್ತದೆ. ಖಲ್ಲನ್ನು ತೊಳೆದು ಪೂರ್ತಿ ಒಣಗಿಸಿಯೇ ಕೂರಬೇಕು.

ಇದೇ ಪ್ರಯೋಗಾಲಯದಲ್ಲಿ ಇನ್ನೊಂದು ಲೆಕ್ಕವನ್ನೂ ಮಾಡಿಬಿಡಬೇಕು, ತಡಮಾಡಬಾರದು. 30ಸಿ ಎಂದರೆ ಮೂಲವಸ್ತು ಒಂದರ ಮುಂದೆ ಅರುವತ್ತು ಸೊನ್ನೆ ಹಾಕಿದಷ್ಟು ಪಾಲು ದುರ್ಬಲವಾಗಿದೆ ಎಂದರ್ಥ. ಒಂದು ಮೋಲ್ ವಸ್ತುವಿನಲ್ಲಿರುವ ಅಣುಗಳ ಲೆಕ್ಕವಾದ ಆವೊಗಾಡ್ರೊ ಸಂಖ್ಯೆ ಇಪ್ಪತ್ಮೂರು ಸೊನ್ನೆಯ ಆಸುಪಾಸಿನದು. ಹಾಗಾಗಿ 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಶೀಶೆಯಲ್ಲಿ ಉಳಿದಿರುವ ಸಂಭವ ಇಲ್ಲವೆಂದೇ ಹೇಳಬೇಕು. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಎಂದು 2015ರಲ್ಲಿ ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡುವುದು ಬೇಡವೆಂದು ವೈದ್ಯರಿಗೆ ಸೂಚಿಸಿತು. ರೋಗಿ ಇದನ್ನು ಮೊಬೈಲಿನಲ್ಲಿ ಓದಿಕೊಂಡೇ ಬಂದಿರುತ್ತಾನೆ. "ಅದೆಲ್ಲ ಕಂಪನಿಗಳ ಪಿತೂರಿ" ಎಂದು ತಳ್ಳಿಹಾಕುವ ವೈದ್ಯನಿಗಿಂತ, ಪುರಾವೆಯ ಸ್ಥಿತಿ ಹೀಗಿದೆ ಎಂದು ನೇರ ಹೇಳಿ, ಯಾವ ಕಾಯಿಲೆಯಲ್ಲಿ ಈ ಗುಳಿಗೆಯನ್ನು ನೆಚ್ಚಿಕೊಂಡು ಕೂರಬಾರದು ಎಂದು ತಿಳಿಸುವ ವೈದ್ಯನ ಹತ್ತಿರ ಜನ ಸುರಕ್ಷಿತರು. ಈ ವೃತ್ತಿಯಲ್ಲಿ ಅನಾಹುತ ಆಗುವುದು ಗುಳಿಗೆ ಕೊಟ್ಟದ್ದರಿಂದ ಅಪರೂಪ, ಬೇರೆ ಕಡೆ ಕಳಿಸಬೇಕಾದವರನ್ನು ಕಳಿಸದೆ ಇಟ್ಟುಕೊಂಡದ್ದರಿಂದಲೇ ಹೆಚ್ಚು.

ಅದಕ್ಕೇ ಇಂಟರ್ನ್‌ಶಿಪ್ಪಿನ ವರ್ಷ ಸಹಿ ಹಾಕಿಸಿಕೊಂಡು ಕಳೆಯುವ ವರ್ಷ ಅಲ್ಲ. ಮುಂದೆ ತಾಲ್ಲೂಕು ಊರಿನಲ್ಲಿ ಒಬ್ಬರೇ ಕೂತಾಗ ಕೈಯಲ್ಲಿ ಇರುವುದು ಸ್ಟೆತಸ್ಕೋಪು, ಬಿಪಿ ಯಂತ್ರ, ಥರ್ಮಾಮೀಟರು, ಪಲ್ಸ್ ಆಕ್ಸಿಮೀಟರು, ಗ್ಲುಕೋಮೀಟರು, ತೂಕದ ಯಂತ್ರ, ಟಾರ್ಚು ಇಷ್ಟೇ. ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದೆ ಎಂದು ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸುವುದು, ಹೊಟ್ಟೆ ಮುಟ್ಟಿ ಬಲಗಡೆ ಕೆಳಗೆ ಗಟ್ಟಿಯಾಗಿದೆಯೇ ನೋಡುವುದು, ಕುತ್ತಿಗೆ ಬಗ್ಗಿಸಿ ಬಿಗಿತ ಪರೀಕ್ಷಿಸುವುದು, ಸಕ್ಕರೆ ಕಾಯಿಲೆಯವರ ಅಂಗಾಲನ್ನು ಪ್ರತಿ ಸಲವೂ ನೋಡುವುದು, ಇವು ಕೈಗೆ ಹತ್ತಬೇಕು. ಮೆಟೀರಿಯಾ ಮೆಡಿಕಾ ಮನೆಯಲ್ಲಿ ಕೂತೂ ಓದಬಹುದು, ಇವನ್ನು ಓದಿ ಕಲಿಯಲಾಗದು.

ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರ ಸಿಕ್ಕ ಮೇಲೆ ರಾಜ್ಯ ಹೋಮಿಯೋಪತಿ ಮಂಡಳಿಯಲ್ಲಿ ನೋಂದಣಿ. ದೇಶದ ಮಟ್ಟದಲ್ಲಿ ಹಿಂದಿನ ಕೇಂದ್ರೀಯ ಮಂಡಳಿಯ ಜಾಗಕ್ಕೆ 2021ರ ಜುಲೈಯಲ್ಲಿ ರಾಷ್ಟ್ರೀಯ ಹೋಮಿಯೋಪತಿ ಆಯೋಗ ಬಂದಿದೆ. ಆದರೆ ವೈದ್ಯನ ನೋಂದಣಿ ಸಂಖ್ಯೆ ಕೊಡುವುದು ರಾಜ್ಯದ ಮಂಡಳಿಯೇ. ಆ ಸಂಖ್ಯೆ ಕೈಗೆ ಬರುವ ಮೊದಲು ಬೋರ್ಡು ಹಾಕಬಾರದು. ಕ್ಲಿನಿಕ್ಕಿಗೆ ಪ್ರತ್ಯೇಕವಾಗಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಬೇಕು. 2007ರ ಈ ಕಾಯ್ದೆ ಅಲೋಪತಿ ಆಸ್ಪತ್ರೆಗೆ ಮಾತ್ರ ಎಂದು ತಿಳಿದು ಸುಮ್ಮನಿರುವವರು ಈಗಲೂ ಇದ್ದಾರೆ. ಒಂದೇ ಕೋಣೆಯ ಹೋಮಿಯೋಪತಿ ಕ್ಲಿನಿಕ್ಕಿಗೂ ಅದು ಅನ್ವಯ. ನೋಂದಣಿ ಸಂಖ್ಯೆ, ಶುಲ್ಕದ ವಿವರ ರೋಗಿಗೆ ಕಾಣುವಂತೆ ಗೋಡೆಯ ಮೇಲಿರಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ, ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ 2016ರ ನಿಯಮದಂತೆ ಒಂದು ಸಲ ಪಡೆದರೆ ಸಾಕು. "ನಾವೇನು ಸೂಜಿ ಚುಚ್ತೀವಾ?" ಎಂಬ ವಾದ ನಡೆಯುವುದಿಲ್ಲ, ಗ್ಲುಕೋಮೀಟರಿನ ಲ್ಯಾನ್ಸೆಟ್ಟೂ ಸೂಜಿಯೇ.

ಕ್ಲಿನಿಕ್ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ಅಖಿಲ ಭಾರತ ಮಟ್ಟದ ಆಯುಷ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಎಂಡಿ ಮಾಡಿದರೆ ಕಾಲೇಜಿನಲ್ಲಿ ಪಾಠ ಹೇಳಬಹುದು. ಸರ್ಕಾರಿ ಆಯುಷ್ ಚಿಕಿತ್ಸಾಲಯಗಳ ನೇಮಕಾತಿ ಅಪರೂಪಕ್ಕೆ ಬರುತ್ತದೆ, ಕಾಯುವವರ ಸಾಲು ಉದ್ದ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಲ್ಲಿ ಶಾಲೆ-ಅಂಗನವಾಡಿ ಸುತ್ತಿ ಮಕ್ಕಳ ತಪಾಸಣೆ ಮಾಡುವುದು ಆಯುಷ್ ವೈದ್ಯರೇ. ಗುತ್ತಿಗೆ ಕೆಲಸ, ಆದರೆ ಸೀಳುತುಟಿ, ಹೃದಯದ ರಂಧ್ರ, ಕಿವುಡುತನವನ್ನು ಬೇಗ ಗುರುತಿಸಲು ಕಲಿಸುವ ಕೆಲಸ. ವಿಮಾ ಕ್ಲೇಮು ಪರಿಶೀಲನೆ, ಮೆಡಿಕಲ್ ಕೋಡಿಂಗ್, ಔಷಧ ಸುರಕ್ಷತೆ ವಿಭಾಗಗಳಿಗೆ ಬೆಂಗಳೂರಿನಲ್ಲಿ ಹೋಗುವವರೂ ಬಹಳ.

ಇನ್ನೊಂದು ದಾರಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಖಾಸಗಿ ನರ್ಸಿಂಗ್ ಹೋಮುಗಳ ರಾತ್ರಿ ಡ್ಯೂಟಿ. ಸಂಬಳ ಕೈಗೆ ಬೇಗ ಬರುತ್ತದೆ, ಮಧ್ಯರಾತ್ರಿ ಡ್ರಿಪ್ ಹಾಕು, ಆಂಟಿಬಯೋಟಿಕ್ ಬರೆ ಎನ್ನುತ್ತಾರೆ, ಬೆಳಿಗ್ಗೆ ಏನಾದರೂ ಆಗಿದ್ದರೆ ಸಹಿ ಯಾರದು ಎಂದು ನೋಡುತ್ತಾರೆ. 1996ರಲ್ಲಿ ಸುಪ್ರೀಂ ಕೋರ್ಟು ಪೂನಂ ವರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೋಮಿಯೋಪತಿಯಲ್ಲಿ ನೋಂದಾಯಿತನಾದ ವೈದ್ಯ ಜ್ವರಕ್ಕೆ ಅಲೋಪತಿ ಔಷಧ ಕೊಟ್ಟ, ರೋಗಿ ತೀರಿಕೊಂಡ. ತನಗೆ ಅರ್ಹತೆ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಮಾಡಿದ್ದೇ ನಿರ್ಲಕ್ಷ್ಯ ಎಂದು ಕೋರ್ಟು ಹೇಳಿತು. "ದೊಡ್ಡ ಡಾಕ್ಟರು ಫೋನಲ್ಲಿ ಹೇಳಿದ್ರು" ಎಂಬ ಮಾತು ಕಾಗದದ ಮೇಲೆ ಇರುವುದಿಲ್ಲ.

ಇನ್ನು ಕ್ಲಿನಿಕ್ಕಿನ ಒಳಗೆ. ಮೊದಲ ಸಲಕ್ಕೆ ಔಷಧದ ಅಂಗಡಿಯನ್ನೇ ಕೊಳ್ಳಲು ಹೋಗಬಾರದು. ನೂರರಿಂದ ನೂರೈವತ್ತು ಔಷಧ, 30 ಮತ್ತು 200 ಪೊಟೆನ್ಸಿಯಲ್ಲಿ, ಅಂದರೆ 30ಸಿ, 200ಸಿ ಹಂತಕ್ಕೆ ತೆಳುಗೊಳಿಸಿದ್ದು, ಇದ್ದರೆ ಯಥೇಷ್ಟ. ಅವುಗಳಲ್ಲೂ ದಿನನಿತ್ಯ ಕೈ ಹೋಗುವುದು ನಲವತ್ತಕ್ಕೆ. 1ಎಂ (ಸಾವಿರ), 10ಎಂ (ಹತ್ತು ಸಾವಿರ) ಬೇಕಾದಾಗ ತರಿಸಿಕೊಳ್ಳಬಹುದು. ಶೇಕಡಾ 12ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಹೋಮಿಯೋಪತಿ ಔಷಧವನ್ನು 30 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ, ಆಸ್ಪತ್ರೆ-ಚಿಕಿತ್ಸಾಲಯಗಳಿಗೆ 100 ಮಿಲಿವರೆಗೆ ಅವಕಾಶ. ಬಾಟಲಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ ಮುಚ್ಚಳದ ಮೇಲೂ ಹೆಸರು ಬರೆಯಬೇಕು. ಆಲ್ಕೋಹಾಲ್ ಸೋರಿ ಲೇಬಲ್ಲಿನ ಶಾಯಿ ಅಳಿಸಿಹೋಗುವುದು ಮಾಮೂಲು, ಲೇಬಲ್ಲಿನ ಮೇಲೆ ಪಾರದರ್ಶಕ ಟೇಪು ಸುತ್ತಿದರೆ ಉಳಿಯುತ್ತದೆ. ಹೆಸರು ಅಳಿಸಿದ ಬಾಟಲಿಯನ್ನು ಅಂದಾಜಿನ ಮೇಲೆ ಬಳಸದೆ ಎಸೆಯಬೇಕು, ಒಳಗಿರುವುದೆಲ್ಲ ಒಂದೇ ಬಣ್ಣ, ಒಂದೇ ವಾಸನೆ. ಕಿಟಕಿಯ ಬಿಸಿಲು ಬೀಳುವ ಗೋಡೆಗೆ ರ‍್ಯಾಕ್ ಬೇಡ. ಕಲಬುರಗಿ, ರಾಯಚೂರು ಕಡೆಯ ಮೇ ತಿಂಗಳಲ್ಲಿ ಸಡಿಲ ಮುಚ್ಚಳದ ಬಾಟಲಿ ತಾನಾಗಿ ಖಾಲಿಯಾಗುತ್ತದೆ.

ತನ್ನ ರೋಗಿಗಳಿಗೆ ವೈದ್ಯ ತಾನೇ ಔಷಧ ಕೊಡುವುದು ಈ ಪದ್ಧತಿಯ ರೂಢಿ. ಹೊರಗಿನವರಿಗೂ ಮಾರುವ ಅಂಗಡಿ ಇಡುವುದಾದರೆ ಔಷಧ ನಿಯಂತ್ರಣ ಇಲಾಖೆಯಿಂದ ಫಾರಂ 20-ಸಿ ಲೈಸೆನ್ಸು ಬೇಕು.

ಕೇಸು ತೆಗೆದುಕೊಳ್ಳುವುದು ಈ ವೃತ್ತಿಯ ಅಸಲು ಕೆಲಸ. ಹಳೆಯ ಕಾಯಿಲೆಯವರಿಗೆ ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಎತ್ತಿಡಬೇಕು. ಬೆಳಗಿನ ಜನಸಂದಣಿಯ ನಡುವೆ ಅದನ್ನು ತುರುಕಿದರೆ ಎರಡೂ ಕೆಡುತ್ತದೆ. ಮಧ್ಯಾಹ್ನ ಮೂರರ ಮೇಲೆ ಸಮಯ ಕೊಟ್ಟು ಕರೆಸಿ, ಹಳೆಯ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಎಲ್ಲ ಒಂದು ಚೀಲದಲ್ಲಿ ತರಲು ಹೇಳಬೇಕು. "ಬಿಪಿ ಮಾತ್ರೆ, ಸಣ್ಣದು, ಬಿಳಿ" ಎಂಬ ವಿವರಣೆಯಿಂದ ಏನೂ ತಿಳಿಯುವುದಿಲ್ಲ.

ಹಾನಿಮನ್ ಹೇಳಿದ ಎರಡು ಸರಳ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತವೆ. ರೋಗಿ ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಪ್ರತಿ ಹೊಸ ಲಕ್ಷಣವನ್ನು ಹೊಸ ಸಾಲಿನಲ್ಲಿ, ರೋಗಿಯ ಮಾತಿನಲ್ಲೇ ಬರೆಯಬೇಕು. ಸಾಲುಗಳ ನಡುವೆ ಜಾಗ ಬಿಟ್ಟರೆ ಆಮೇಲೆ ವಿವರ ಸೇರಿಸಲು ಆಗುತ್ತದೆ. ಒಂದು ತಲೆನೋವಿನ ಕೇಸು ನೋಡಿ. "ತಲೆನೋವು, ಎರಡು ವರ್ಷ" ಎಂದು ಬರೆದರೆ ಅದು ಏನೂ ಅಲ್ಲ. ಎಲ್ಲಿ ಶುರುವಾಗಿ ಎಲ್ಲಿಗೆ ಹರಡುತ್ತದೆ, ಬಡಿಯುತ್ತದೋ ಬಿಗಿಯುತ್ತದೋ ಚುಚ್ಚುತ್ತದೋ, ಬಿಸಿಲಿಗೆ ಹೋದರೆ ಏನು, ಊಟ ತಪ್ಪಿದರೆ ಏನು, ಮುಟ್ಟಿನ ಮೊದಲೋ ನಂತರವೋ, ಕತ್ತಲೆಯಲ್ಲಿ ಮಲಗಿದರೆ ಹೇಗೆ, ಬಟ್ಟೆ ಬಿಗಿದು ಕಟ್ಟಿಕೊಂಡರೆ ಹೇಗೆ, ಜೊತೆಗೆ ವಾಂತಿಯೋ ಕಣ್ಣ ಮುಂದೆ ಮಿಂಚೋ. ಜಾಗ, ಅನುಭವ, ಏರಿಳಿತ, ಜೊತೆಯ ಲಕ್ಷಣ, ಈ ನಾಲ್ಕೂ ತುಂಬಿದಾಗ ಒಂದು ಲಕ್ಷಣ ಪೂರ್ತಿ.

ಕೇಳುವ ಕ್ರಮದಲ್ಲೇ ತಪ್ಪುಗಳು ಹುಟ್ಟುತ್ತವೆ. "ನೋವು ಎಡಗಡೆ ತಾನೆ?" ಎಂದರೆ ಬಹುಮಂದಿ ಹೌದು ಎನ್ನುತ್ತಾರೆ, ಡಾಕ್ಟರಿಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು. "ಎಲ್ಲಿ ನೋವು, ಕೈ ಇಟ್ಟು ತೋರಿಸಿ ಅಮ್ಮಾ" ಎನ್ನಬೇಕು. "ನಿಮ್ಮದು ಉಷ್ಣದ ದೇಹವೋ ಶೀತದ್ದೋ?" ಎಂದು ಕೇಳಿದರೆ ಪಪ್ಪಾಯಿ ತಿಂದರೆ ಆಗುವುದಿಲ್ಲ, ಎಳನೀರು ಕುಡಿದರೆ ನೆಗಡಿ ಎಂಬ ಉತ್ತರ ಬರುತ್ತದೆ. ಬೇಕಾದ್ದು ಅದಲ್ಲ. ರಾತ್ರಿ ಫ್ಯಾನ್ ಹಾಕುತ್ತೀರಾ, ಚಳಿಗಾಲದಲ್ಲೂ ಬೇಕೇ, ಹೊದಿಕೆಯಿಂದ ಕಾಲು ಹೊರಗಿಡುತ್ತೀರಾ, ಸ್ನಾನಕ್ಕೆ ನೀರು ಎಷ್ಟು ಬಿಸಿ, ಎಂದು ಒಂದೊಂದಾಗಿ ಕೇಳಬೇಕು. ಬಾಯಾರಿಕೆಯ ಬಗ್ಗೆಯೂ ಹಾಗೆಯೇ, ದಿನಕ್ಕೆ ಎಷ್ಟು ಚೊಂಬು, ಒಂದೇ ಸಲಕ್ಕೋ ಗುಟುಕು ಗುಟುಕಾಗಿಯೋ. ಸೊಸೆಯ ಕೇಸನ್ನು ಅತ್ತೆಯ ಎದುರು ತೆಗೆದರೆ ನಿದ್ದೆ, ಮುಟ್ಟು, ಮನಸ್ಸಿನ ಭಾಗ ಖಾಲಿ ಉಳಿಯುತ್ತದೆ. ಅತ್ತೆಯನ್ನು ನಯವಾಗಿ "ಸ್ವಲ್ಪ ಹೊರಗೆ ಕೂತಿರಿ ಅಮ್ಮಾ, ನಿಮ್ಮನ್ನೂ ಆಮೇಲೆ ಕೇಳ್ತೀನಿ" ಎಂದು ಕಳಿಸುವುದೂ ಒಂದು ಕಲೆ. ಆದರೆ ಹೆಣ್ಣು ರೋಗಿಯ ದೈಹಿಕ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಕೋಣೆಯಲ್ಲಿ ಇರಲೇಬೇಕು.

ಬರೆದ ಮೇಲೆ ರೆಪರ್ಟರಿ, ಅಂದರೆ ಯಾವ ಲಕ್ಷಣಕ್ಕೆ ಯಾವ ಔಷಧಗಳು ಎಂಬ ಸೂಚಿಪುಸ್ತಕ. ಲಕ್ಷಣಗಳನ್ನು ಅದರಲ್ಲಿನ ರುಬ್ರಿಕ್ಕುಗಳಾಗಿ (ಲಕ್ಷಣದ ಶೀರ್ಷಿಕೆಗಳಾಗಿ) ಹುಡುಕಿ, ಪ್ರತಿ ರುಬ್ರಿಕ್ಕಿನ ಕೆಳಗಿರುವ ಔಷಧಗಳಿಗೆ ಅಚ್ಚಿನ ದಪ್ಪ ನೋಡಿ 3, 2, 1 ಅಂಕ ಕೊಟ್ಟು ಕೂಡುವುದು. ಈಗ ಸಾಫ್ಟ್‌ವೇರ್ ಅದನ್ನು ಕ್ಷಣದಲ್ಲಿ ಮಾಡುತ್ತದೆ, ತಪ್ಪನ್ನೂ ಕ್ಷಣದಲ್ಲೇ ಮಾಡುತ್ತದೆ. ಹೊಸಬರು ಇಪ್ಪತ್ತೈದು ರುಬ್ರಿಕ್ ತುಂಬುತ್ತಾರೆ. ಆಗ ಸಲ್ಫರ್, ಲೈಕೋಪೋಡಿಯಂ, ಫಾಸ್ಫರಸ್, ನಕ್ಸ್ ವೋಮಿಕಾ ಎಲ್ಲ ರೋಗಿಗೂ ಮೇಲೆ ಬಂದು ಕೂರುತ್ತವೆ. ಕಾರಣ ರೋಗಿಯಲ್ಲಿಲ್ಲ, ಆ ದೊಡ್ಡ ಔಷಧಗಳ ಹೆಸರು ಪುಸ್ತಕದ ತುಂಬ ಇದೆ ಅಷ್ಟೆ. ಆರೋ ಎಂಟೋ ರುಬ್ರಿಕ್ ಸಾಕು, ಅವೂ ಈ ರೋಗಿಯಲ್ಲಿ ಮಾತ್ರ ಎದ್ದು ಕಾಣುವಂಥವು. ಜ್ವರದಲ್ಲಿ ಸುಸ್ತು ಎಲ್ಲರಿಗೂ ಇರುತ್ತದೆ, ಅದಕ್ಕೆ ರುಬ್ರಿಕ್ ಹಾಕಿ ಫಲವಿಲ್ಲ. ಆರ್ಗನಾನ್ ಗ್ರಂಥದ ಸೂತ್ರ 153 ಹೇಳುವುದೂ ಇದನ್ನೇ.

ಔಷಧ ಕಟ್ಟಿಕೊಡುವ ಮೇಜು ಹೊರಗಿನವರಿಗೆ ಸುಲಭದ ಕೆಲಸವಾಗಿ ಕಾಣುತ್ತದೆ. ಎರಡು ಡ್ರಾಮಿನ ಶೀಶೆಗೆ 30 ಅಥವಾ 40 ನಂಬರಿನ (ಇದು ಗಾತ್ರದ ನಂಬರು) ಬಿಳಿ ಸಕ್ಕರೆ ಗುಳಿಗೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಕತ್ತಿನವರೆಗೆ ತುಂಬಿದರೆ ಅಲುಗಾಡಲು ಜಾಗವಿಲ್ಲದೆ ಮೇಲಿನವು ಒಣಗಿಯೇ ಉಳಿಯುತ್ತವೆ. ಮೇಲಿನಿಂದ ಔಷಧದ ನಾಲ್ಕೈದು ಹನಿ ಬಿಟ್ಟು, ಮುಚ್ಚಳ ಹಾಕಿ, ಶೀಶೆಯನ್ನು ಅಡ್ಡ ಹಿಡಿದು ಎರಡೂ ಅಂಗೈ ನಡುವೆ ಉರುಳಿಸಬೇಕು. ಗುಳಿಗೆಗಳೆಲ್ಲ ಒಂದೇ ಸಮ ಒದ್ದೆಯಾಗಿ ಗಾಜಿಗೆ ಒಂದು ಕ್ಷಣ ಅಂಟಿ ಮತ್ತೆ ಬಿಡಿಬಿಡಿಯಾಗಿ ಉದುರಿದರೆ ಸರಿಯಾಗಿದೆ. ತಳದಲ್ಲಿ ಮುದ್ದೆಗಟ್ಟಿದರೆ ಎರಡೇ ಕಾರಣ, ಹನಿ ಹೆಚ್ಚಾಗಿದೆ ಅಥವಾ ಆಲ್ಕೋಹಾಲ್ ಸಪ್ಪೆಯಾಗಿದೆ. ಗಟ್ಟಿ ಆಲ್ಕೋಹಾಲಿನಲ್ಲಿ ಸಕ್ಕರೆ ಕರಗುವುದಿಲ್ಲ, ನೀರಿನ ಪಾಲು ಹೆಚ್ಚಿದ್ದರೆ ಕರಗುತ್ತದೆ. ತೊಳೆದ ಶೀಶೆ ಸರಿಯಾಗಿ ಒಣಗದಿದ್ದರೂ ಇದೇ ಗತಿ. ಡ್ರಾಪರನ್ನು ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹಾಕುವ ಅಭ್ಯಾಸ ಎಂದಿಗೂ ಬೇಡ.

ಶೀಶೆಯ ಮೇಲೆ ರೋಗಿಯ ನೋಂದಣಿ ಸಂಖ್ಯೆ, ದಿನಾಂಕ, "4 ಗುಳಿಗೆ, ದಿನಕ್ಕೆ 2 ಸಲ" ಎಂದು ಕನ್ನಡದಲ್ಲಿ ಬರೆಯಬೇಕು. ಎರಡು ಶೀಶೆ ಇದ್ದರೆ ದೊಡ್ಡದಾಗಿ 1, 2. ಓದಲು ಬಾರದ ಅಜ್ಜಿಗೆ ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಕಪ್ಪು. ಔಷಧದ ಹೆಸರು ಬರೆಯದೆ ಕೊಡುವುದು ಹಳೆಯ ಪದ್ಧತಿ. ರೋಗಿ ಅದನ್ನೇ ಅಂಗಡಿಯಲ್ಲಿ ಕೊಂಡು ವರ್ಷಗಟ್ಟಲೆ ನುಂಗಿಯಾನು ಎಂಬ ಭಯ ಒಂದು ಕಡೆ, ಗಿರಾಕಿ ಕೈಬಿಟ್ಟಾನು ಎಂಬ ಭಯ ಇನ್ನೊಂದು ಕಡೆ. ನಮ್ಮ ಅಭಿಪ್ರಾಯ ಸ್ಪಷ್ಟ, ಹೆಸರು ಮತ್ತು ಪೊಟೆನ್ಸಿ ಬರೆದೇ ಕೊಡಬೇಕು. ರಾತ್ರಿ ಎರಡು ಗಂಟೆಗೆ ಜಿಲ್ಲಾಸ್ಪತ್ರೆಗೆ ಹೋದ ರೋಗಿಯ ಕೈಯಲ್ಲಿ ಹೆಸರಿಲ್ಲದ ಶೀಶೆ ಇದ್ದರೆ ಅಲ್ಲಿನ ಡಾಕ್ಟರು ಏನು ಮಾಡಬೇಕು?

ಹೆಸರಿಲ್ಲದ ಪೊಟ್ಟಣಗಳ ಬಗ್ಗೆ ಇನ್ನೂ ಒಂದು ಮಾತು. ಬಿಳಿ ಪುಡಿಯಲ್ಲಿ ಸ್ಟೀರಾಯ್ಡ್ ಅರೆದು ಸೇರಿಸಿ ಉಬ್ಬಸ, ಸಂಧಿನೋವಿಗೆ ಕೊಡುವ ನಕಲಿಗಳು ಇದ್ದಾರೆ. ಮೂರು ದಿನಕ್ಕೆ ಎದ್ದು ಓಡಾಡುವ ರೋಗಿ ಊರೆಲ್ಲ ಹೊಗಳುತ್ತಾನೆ, ಕೆಲವು ತಿಂಗಳಲ್ಲಿ ಮುಖ ಉಬ್ಬುತ್ತದೆ, ಸಕ್ಕರೆ ಏರುತ್ತದೆ. ಅಂಥ ರೋಗಿ ನಿಮ್ಮಲ್ಲಿಗೆ ಬಂದರೆ ಆ ಪುಡಿಯನ್ನು ಒಮ್ಮೆಲೇ ನಿಲ್ಲಿಸಲು ಹೇಳದೆ ಫಿಸಿಷಿಯನ್ ಹತ್ತಿರ ಅಂದೇ ಕಳಿಸಬೇಕು, ಬಹುದಿನ ತಿಂದ ಸ್ಟೀರಾಯ್ಡ್ ಥಟ್ಟನೆ ನಿಂತರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯ. ಹೋಮಿಯೋಪತಿಯಲ್ಲೂ ಎಲ್ಲವೂ ನಿರಪಾಯ ಎನ್ನಲಾಗದು. ತೆಳುಗೊಳಿಸದ ಮೂಲ ದ್ರಾವಣವಾದ ಮದರ್ ಟಿಂಕ್ಚರು, ಹತ್ತಕ್ಕೊಂದರ ಕ್ರಮದ 1ಎಕ್ಸ್, 2ಎಕ್ಸ್‌ನಂಥ ಕೆಳಗಿನ ಪೊಟೆನ್ಸಿಗಳಲ್ಲಿ ಮೂಲವಸ್ತು ನಿಜವಾಗಿಯೂ ಇದೆ. ಅಕೋನೈಟ್ ಎಂದರೆ ವತ್ಸನಾಭಿ, ನಕ್ಸ್ ವೋಮಿಕಾ ಎಂದರೆ ಕಾಸರಕ, ಆರ್ಸೆನಿಕ್ ಎಂದರೆ ಪಾಷಾಣವೇ. ಇವನ್ನು ಚಮಚದ ಲೆಕ್ಕದಲ್ಲಿ ಮನೆಗೆ ಕೊಟ್ಟು ಕಳಿಸುವುದು ಹುಡುಗಾಟವಲ್ಲ.

ಮರುಭೇಟಿ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೊಮ್ಮೆ. "ಹೇಗಿದ್ದೀರಿ?" ಎಂದರೆ "ಪರವಾಗಿಲ್ಲ ಡಾಕ್ಟ್ರೇ" ಎಂಬ ಉತ್ತರ ಖಚಿತ. ಮೊದಲ ದಿನ ಬರೆದ ಪ್ರತಿ ಲಕ್ಷಣವನ್ನೂ ಓದಿ ಹೇಳಿ, ಮುಂದೆ ಕಡಿಮೆ, ಹಾಗೇ, ಹೆಚ್ಚು ಎಂದು ಗುರುತು ಹಾಕಬೇಕು. ತಿಂಗಳಲ್ಲಿ ಎಷ್ಟು ದಿನ ತಲೆನೋವು ಬಂತು, ಎಷ್ಟು ನೋವಿನ ಮಾತ್ರೆ ನುಂಗಿದರು ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಬೇಕು. ಬಿಪಿ, ತೂಕ, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆಯ ಎಚ್‌ಬಿಎ1ಸಿ ಅಂಕಿಗಳು ಅದರ ಪಕ್ಕದಲ್ಲೇ ಇರಬೇಕು. ಅಂಕಿ ಏರುತ್ತಿದ್ದರೆ ರೋಗಿಯ "ಪರವಾಗಿಲ್ಲ"ಕ್ಕೆ ಬೆಲೆಯಿಲ್ಲ.

ಗುಣವಾದದ್ದರ ಕೀರ್ತಿಯನ್ನು ತಲೆಗೆ ಏರಿಸಿಕೊಳ್ಳುವ ಮೊದಲು ಕಾಯಿಲೆಯ ಸ್ವಭಾವ ನೋಡಬೇಕು. ಮೂತ್ರನಾಳದ 4 ಮಿಲಿಮೀಟರಿನ ಕಲ್ಲು ಬಹುಪಾಲು ತಾನಾಗಿಯೇ ಬೀಳುತ್ತದೆ. ಕಲ್ಲಿಗೆಂದು ಬರ್ಬೆರಿಸ್ ಔಷಧ ಕೊಟ್ಟ ವಾರ ಬಿದ್ದರೆ ಶೀಶೆಗೆ ಹೆಸರು, ನೀರು ಕುಡಿದದ್ದು ಲೆಕ್ಕಕ್ಕಿಲ್ಲ. ಮಕ್ಕಳ ನರುಲಿ ಎರಡು ವರ್ಷದೊಳಗೆ ಹೆಚ್ಚಿನವರಲ್ಲಿ ಉದುರಿಹೋಗುತ್ತದೆ. ಅಂಗನವಾಡಿ ಸೇರಿದ ಮೊದಲ ವರ್ಷ ತಿಂಗಳಿಗೊಮ್ಮೆ ನೆಗಡಿಯಾಗುವ ಮಗು ಮರುವರ್ಷ ಸುಧಾರಿಸುತ್ತದೆ. ರೋಗಿ ಬರುವುದೇ ಕಾಯಿಲೆ ಜೋರಾದಾಗ, ಅಲ್ಲಿಂದ ಮುಂದೆ ಅದು ಇಳಿಯುವುದೇ ಹೆಚ್ಚು. ಇದನ್ನು ತಿಳಿದ ವೈದ್ಯ 9 ಮಿಲಿಮೀಟರಿನ ಕಲ್ಲಿಗೆ ಕಿಡ್ನಿ ಊದಿಕೊಂಡಿದ್ದರೆ ಗುಳಿಗೆ ಎಣಿಸುತ್ತ ಕೂರುವುದಿಲ್ಲ.

ಕಳಿಸಬೇಕಾದವರ ಪಟ್ಟಿ ಮೇಜಿನ ಗಾಜಿನ ಕೆಳಗೇ ಇರಲಿ. ಎದೆನೋವಿನ ಜೊತೆ ಬೆವರು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಹಾವು ಕಡಿತ, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಗು ಹಾಲು ಬಿಟ್ಟು ಮಂಕಾಗಿ ಬೀಳುವುದು, ಗರ್ಭಿಣಿಯ ರಕ್ತಸ್ರಾವ, ಡೆಂಗಿ ಜ್ವರ ಇಳಿದ ಮೇಲೆ ಹೊಟ್ಟೆನೋವು-ವಾಂತಿ, ಸ್ತನದ ಗಂಟು, ಕಾರಣವಿಲ್ಲದೆ ಇಳಿದ ತೂಕ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಸಿ ಲಸಿಕೆಗೆ ಕಳಿಸುವುದು, ಬೇರೆ ಮಾತೇ ಇಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ. ಟಿಬಿ ಎಂದು ಗೊತ್ತಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಎಲ್ಲ ವೈದ್ಯರಿಗೂ ಕಡ್ಡಾಯ. ಕಳಿಸುವಾಗ ಬಾಯಿಮಾತು ಸಾಲದು, ಕಂಡ ಲಕ್ಷಣ, ಬಿಪಿ, ನಾಡಿ, ಕೊಟ್ಟ ಔಷಧ, ಸಮಯ ಬರೆದ ಚೀಟಿ ಇರಬೇಕು, ಅದರ ಪ್ರತಿ ನಮ್ಮಲ್ಲಿ ಉಳಿಯಬೇಕು.

"ಡಾಕ್ಟ್ರೇ, ಇನ್ಮೇಲೆ ಇಂಗ್ಲಿಷ್ ಮಾತ್ರೆ ಬಿಟ್ಬಿಡ್ಲಾ?" ಎಂಬ ಪ್ರಶ್ನೆ ಪ್ರತಿದಿನ ಬರುತ್ತದೆ. ಇನ್ಸುಲಿನ್, ಫಿಟ್ಸ್ ಮಾತ್ರೆ, ಥೈರಾಯ್ಡ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಉಬ್ಬಸದ ಇನ್‌ಹೇಲರ್, ಇವನ್ನು ಬಿಡಿಸುವ ಅಧಿಕಾರ ನಮಗಿಲ್ಲ. "ಅದನ್ನ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಯಜಮಾನ್ರೇ, ನಾನು ಬಿಡಿ ಅನ್ನಲ್ಲ" ಎಂದು ನಿಷ್ಠುರವಾಗಿ ಹೇಳಬೇಕು, ಕೇಸ್ ಪೇಪರಿನಲ್ಲಿ ಅದನ್ನು ಬರೆಯಬೇಕು. ಮಕ್ಕಳ ಲಸಿಕೆಯ ವಿಷಯದಲ್ಲೂ ಅಷ್ಟೇ, ಹೋಮಿಯೋಪತಿಯಲ್ಲಿ ಲಸಿಕೆಗೆ ಬದಲಿ ಇಲ್ಲ. 2020ರಲ್ಲಿ ಆಯುಷ್ ಸಚಿವಾಲಯ ಆರ್ಸೆನಿಕಂ ಆಲ್ಬಂ 30ನ್ನು ಕೊರೊನಾ ಮುಂಜಾಗ್ರತೆಗೆ ಸೂಚಿಸಿದಾಗ ಕ್ಲಿನಿಕ್ಕುಗಳ ಮುಂದೆ ಸಾಲು ನಿಂತಿತು. ಸೋಂಕು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಗುಳಿಗೆ ತಿಂದೆವೆಂದು ಮಾಸ್ಕ್ ಬಿಟ್ಟವರನ್ನು ನೋಡಿದ ಮೇಲೆ "ತಡೆಗಟ್ಟುತ್ತದೆ" ಎಂಬ ಮಾತನ್ನು ಎಷ್ಟು ಜೋಪಾನವಾಗಿ ಆಡಬೇಕು ಎಂಬುದು ಕೆಲವರಿಗಾದರೂ ತಿಳಿಯಿತು.

ದುಡ್ಡಿನ ವಿಷಯ ಬೇಗ ಮುಗಿಸಬಹುದು. ಮೊದಲ ಎರಡು ಮೂರು ವರ್ಷ ಬಾಡಿಗೆ ಹುಟ್ಟಿದರೆ ಅದೇ ದೊಡ್ಡದು. ಬೆಳಿಗ್ಗೆ ಹಿರಿಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕರಾಗಿದ್ದು ಸಂಜೆ ತಮ್ಮದು ನಡೆಸುವವರು ಹೆಚ್ಚು ದಿನ ಬಾಳುತ್ತಾರೆ. ಔಷಧದ ಬೆಲೆ ಕಡಿಮೆ, ನಿಜವಾದ ಖರ್ಚು ಸಮಯದ್ದು. ಆದ್ದರಿಂದ ಮೊದಲ ಕೇಸಿಗೆ ಬೇರೆ ಶುಲ್ಕ, ಮರುಭೇಟಿಗೆ ಬೇರೆ ಎಂದು ಬೋರ್ಡಿನಲ್ಲಿ ಬರೆದುಬಿಡುವುದು ಒಳ್ಳೆಯದು. ಆರು ತಿಂಗಳ, ವರ್ಷದ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಳ್ಳುವ ಸರಣಿ ಕ್ಲಿನಿಕ್ಕುಗಳ ಮಾದರಿ ನಮಗೆ ಒಪ್ಪಿಗೆಯಿಲ್ಲ. ಮುಂಗಡ ಪಡೆದವನಿಗೆ ರೋಗಿಯನ್ನು ಬೇರೆ ಕಡೆ ಕಳಿಸಲು ಕೈ ಬರುವುದಿಲ್ಲ. "ಸಕ್ಕರೆ ಕಾಯಿಲೆ ಬುಡಸಹಿತ ಗುಣ" ಎಂದು ಪಾಂಪ್ಲೆಟ್ ಹಂಚಿದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಅದರ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಲೈಂಗಿಕ ದುರ್ಬಲತೆ ಎಲ್ಲ ಇವೆ. ವಾಟ್ಸಾಪ್ ಸ್ಟೇಟಸ್ಸೂ ಜಾಹೀರಾತೇ ಆಗಬಹುದು, ನೆನಪಿರಲಿ.

ಕರಾವಳಿಯಲ್ಲಿ ಈ ಪದ್ಧತಿ ಇಷ್ಟು ಬೇರುಬಿಟ್ಟದ್ದಕ್ಕೆ ಕಾರಣ ಫಾದರ್ ಆಗಸ್ಟಸ್ ಮುಲ್ಲರ್. ಈ ಜರ್ಮನ್ ಜೆಸ್ಯುಯಿಟ್ ಪಾದ್ರಿ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಹಂಚಲು ಶುರುಮಾಡಿದರು, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅವರ ಹೆಸರಿನ ಹೋಮಿಯೋಪತಿ ಕಾಲೇಜು 1985ರಿಂದ ಇದೆ. ಆದರೆ ಅಲ್ಲಿಯೇ ಬೆಳೆದ ದೊಡ್ಡ ಆಸ್ಪತ್ರೆ ಅಲೋಪತಿಯದು. ಎರಡೂ ಒಂದೇ ಸಂಸ್ಥೆಯ ಕೆಳಗೆ ಇರುವುದನ್ನು ನೋಡಿದ ವಿದ್ಯಾರ್ಥಿಗೆ ರೋಗಿಯನ್ನು ಆಚೆ ಕಳಿಸುವುದು ಅವಮಾನ ಅನ್ನಿಸುವುದಿಲ್ಲ.

ಉಳಿದದ್ದು ಕೇಸ್ ಪೇಪರುಗಳ ವಿಲೇವಾರಿ. ಹತ್ತು ವರ್ಷದಲ್ಲಿ ಅವು ಒಂದು ಬೀರು ತುಂಬುತ್ತವೆ. ಹೆಸರಿನ ಮೇಲೆ ಜೋಡಿಸಿದರೆ ಮಂಜುನಾಥ, ಲಕ್ಷ್ಮಿಗಳ ರಾಶಿಯಲ್ಲಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಸಂಖ್ಯೆಯ ಮೇಲೆ ಜೋಡಿಸಿ, ಹೆಸರು ಮತ್ತು ಫೋನಿನ ಸೂಚಿಯನ್ನು ಬೇರೆ ಪುಸ್ತಕದಲ್ಲಿ ಇಡಬೇಕು. ಗೆದ್ದಲು ಬರುವ ಕಡೆ ಕೆಳಗಿನ ಅಡ್ಡಪಟ್ಟಿ ಖಾಲಿ ಬಿಡಿ. ಕ್ಲಿನಿಕ್ ಮುಚ್ಚುವಾಗ ಅಥವಾ ಕಿರಿಯರಿಗೆ ವಹಿಸುವಾಗ ಒಂದು ತಿಂಗಳು ಮೊದಲೇ ಬಾಗಿಲಿಗೆ ಸೂಚನೆ ಹಾಕಿ, ಕೇಳಿದವರಿಗೆ ಅವರ ಕೇಸಿನ ಪ್ರತಿ ಕೊಡಬೇಕು. ಮನಸ್ಸಿನ, ಸಂಸಾರದ ವಿಚಾರ ಬರೆದ ಹಾಳೆಗಳಿರುತ್ತವೆ, ಬೇಡದವನ್ನು ಗುಜರಿಗೆ ಹಾಕದೆ ಸುಡಿಸಬೇಕು ಅಥವಾ ಚೂರು ಮಾಡಿಸಬೇಕು. ಊರಿನ ಗುಜರಿ ಅಂಗಡಿಯಿಂದ ಹಳೆಯ ಕಾಗದ ಹೋಗುವುದು ಕಡಲೆಕಾಯಿ ಮಾರುವವರ ಕೈಗೆ.